ಬತ್ತಿಸಿದ ಹಸುವಿಗೂ ಬಟವಾಡೆ ಬೇಕು



ಕರು ಹಾಕಲು ಹದಿನೈದು ದಿನವಿರುವಾಗ ನೆಲ ಹಿಡಿದ ಹಸುವನ್ನು ನೋಡಲು ನಮಗೆ ಕರೆ ಬರುವುದುಂಟು. ಹೋಗಿ ನೋಡಿದರೆ ಪಕ್ಕೆಲುಬು ಎಣಿಸಬಹುದು. ಮುಂದೆ ಒಣಹುಲ್ಲು ಮಾತ್ರ. "ಪಶು ಆಹಾರ ಕೊಡುತ್ತಿಲ್ಲವೇ?" ಎಂದರೆ, "ಹಾಲಿಲ್ಲವಲ್ಲ ಸಾರ್, ಬಟವಾಡೆ ನಿಂತಿದೆ. ದುಡ್ಡು ಎಲ್ಲಿಂದ ತರಲಿ?" ಎಂಬ ಉತ್ತರ. ಔಷಧಿ ಚೀಟಿ ಬರೆದುಕೊಡಬಹುದು. ಆದರೆ ಈ ತೊಂದರೆಯ ಮೂಲ ಕೊಟ್ಟಿಗೆಯಲ್ಲಿಲ್ಲ, ಹಿಂದಿನ ಹತ್ತು ತಿಂಗಳ ಬಟವಾಡೆಯಲ್ಲಿದೆ.

ಹಸುವಿನ ಗರ್ಭಾವಧಿ ಸುಮಾರು 280 ದಿನ. ಇದರ ಕೊನೆಯ 60 ದಿನ ಹಾಲು ಬತ್ತಿಸಬೇಕು. ಕೆಚ್ಚಲು ವಿಶ್ರಾಂತಿ ಪಡೆದು ಮುಂದಿನ ಸೂಲಿಗೆ ಸಿದ್ಧವಾಗುವುದು ಆಗಲೇ. ಹೊಟ್ಟೆಯಲ್ಲಿನ ಕರು ವೇಗವಾಗಿ ಬೆಳೆಯುವುದೂ ಆಗಲೇ. ಒಂದೇ ಹಸುವಿರುವ ಮನೆಗೆ ಆದಾಯ ನಿಂತ ಹೊತ್ತಿನಲ್ಲೇ ಖರ್ಚು ಎದುರಾಗುತ್ತದೆ. ಆಗ ಆಹಾರ ಕಡಿತ ಮಾಡಿದರೆ ಕರು ಬಡವಾಗುತ್ತದೆ, ಮುಂದಿನ ಸೂಲಿನ ಹಾಲು ಕುಗ್ಗುತ್ತದೆ, ಹಸು ಮತ್ತೆ ಬೆದೆಗೆ ಬರುವುದೂ ತಡವಾಗುತ್ತದೆ.

ಇದಕ್ಕೆ ಪರಿಹಾರ, ಲೀಟರಿಗೆ 3 ರೂಪಾಯಿ ಉಳಿತಾಯ. ಲೆಕ್ಕ ನೋಡಿ. ದಿನಕ್ಕೆ ಸರಾಸರಿ 8 ಲೀಟರ್ ಕೊಡುವ ಮಿಶ್ರತಳಿ ಹಸು 300 ದಿನಗಳಲ್ಲಿ 2,400 ಲೀಟರ್ ಕೊಡುತ್ತದೆ. ಉಳಿತಾಯ 7,200 ರೂ. ಬತ್ತಿಸಿದ 60 ದಿನಗಳಿಗೆ ದಿನಕ್ಕೆ 3 ಕೆ.ಜಿ.ಯಂತೆ 180 ಕೆ.ಜಿ. ಪಶು ಆಹಾರ ಬೇಕು. ಅಂದರೆ 50 ಕೆ.ಜಿ.ಯ ನಾಲ್ಕು ಚೀಲ. ಚೀಲಕ್ಕೆ 1,400 ರೂ. ಎಂದು ಹಿಡಿದರೂ 5,600 ರೂ. ಆಯಿತು. ಉಳಿದ 1,600 ರೂ. ಖನಿಜ ಮಿಶ್ರಣಕ್ಕೆ, ವಿಮಾ ಕಂತಿಗೆ ಆಸರೆ.

ರೂಢಿ ಮಾಡಿಕೊಳ್ಳುವ ಕ್ರಮ:

1. ಖರ್ಚು ಕಳೆದು ಮಿಕ್ಕಿದ್ದನ್ನು ಉಳಿಸುತ್ತೇನೆ ಎನ್ನಬೇಡಿ, ಮಿಕ್ಕುವುದಿಲ್ಲ. ಬಟವಾಡೆ ಖಾತೆಗೆ ಜಮೆಯಾದ ದಿನವೇ ಉಳಿತಾಯವನ್ನು ಮೊದಲು ತೆಗೆದಿಡಿ.

2. ತಿಂಗಳಿಗೆ ಇಷ್ಟು ಎನ್ನುವ ಬದಲು ಲೀಟರಿನ ಲೆಕ್ಕ ಹಿಡಿಯಿರಿ. 12 ಲೀಟರ್ ಕರೆಯುವಾಗ ದಿನಕ್ಕೆ 36 ರೂ., 4 ಲೀಟರಿಗೆ ಇಳಿದಾಗ 12 ರೂ. ಹಾಲು ಇಳಿದಂತೆ ಹೊರೆಯೂ ಇಳಿಯುವುದರಿಂದ ರೂಢಿ ತಪ್ಪುವುದಿಲ್ಲ.

3. ಈ ಹಣಕ್ಕೆ ಬೇರೆಯೇ ಉಳಿತಾಯ ಖಾತೆ ಇರಲಿ. ಹಾಲು ಕರೆಯುವ ಮನೆಯೊಡತಿಯ ಹೆಸರಿನಲ್ಲಿದ್ದರೆ ಒಳ್ಳೆಯದು. ಅಂಚೆ ಕಚೇರಿಯ ಆರ್.ಡಿ. 5 ವರ್ಷದ್ದು, ಹೊಸ ಹಸು ಕೊಳ್ಳಲು, ಕೊಟ್ಟಿಗೆ ಕಟ್ಟಲು ಅದು ಸರಿ, ಈ ಕೆಲಸಕ್ಕಲ್ಲ.

4. ಗರ್ಭ ಖಚಿತವಾದ ಕೂಡಲೇ ಹಸುವನ್ನು ಬತ್ತಿಸಬೇಕಾದ ತಿಂಗಳನ್ನು ಪಾಸ್ ಪುಸ್ತಕದ ಮೇಲೆ ಬರೆದಿಡಿ. ಹಬ್ಬ, ಜಾತ್ರೆಗೆಂದು ಆ ಹಣಕ್ಕೆ ಕೈ ಹಾಕುವ ಮೊದಲು ಅದು ಕಣ್ಣಿಗೆ ಬೀಳಲಿ.

ಲೀಟರಿಗೆ 3 ರೂ. ಕಷ್ಟವೆನಿಸಿದರೆ 1 ರೂಪಾಯಿಯಿಂದ ತೊಡಗಿ. ಒಂದು ಚೀಲವಾದರೂ ಕೊಟ್ಟಿಗೆಗೆ ಬರುತ್ತದೆ. ಹತ್ತು ತಿಂಗಳು ಮನೆ ನಡೆಸಿದ ಹಸುವಿಗೆ ಅದರದೇ ದುಡಿಮೆಯಲ್ಲಿ ಎರಡು ತಿಂಗಳ ಮೇವು ತೆಗೆದಿಡುವುದು ದಾನವಲ್ಲ, ಬಾಕಿ ತೀರಿಸುವುದು. ಬರುವ ಬಟವಾಡೆಯಿಂದಲೇ ಆರಂಭಿಸಿ.