ಮಗುವಿನ ಉತ್ತರವೂ ನಮ್ಮ ಪ್ರಶ್ನೆಯೂ

ಅಂಕಲಗಿಯ ಯಾವ ಮನೆಯಲ್ಲಿಯೂ ಮಾಡಿ ನೋಡಬಹುದಾದ ಪ್ರಯೋಗವೊಂದುಂಟು. ಹುಣಸೆಬೀಜಗಳನ್ನು ಆರಾರರಂತೆ ಎರಡು ಸಾಲಿಟ್ಟು, “ಎರಡೂ ಸಮವೋ, ಒಂದರಲ್ಲಿ ಹೆಚ್ಚೋ?” ಎಂದು ಐದಾರು ವರ್ಷದ ಮಗುವನ್ನು ಕೇಳಿದರೆ “ಸಮ” ಎನ್ನುವದು. ಒಂದು ಸಾಲನ್ನು ಉದ್ದಕ್ಕೆ ಹರಡಿ ಪುನಃ ಅದನ್ನೇ ಕೇಳಿದರೆ, ಅನೇಕ ಮಕ್ಕಳು ಉದ್ದಸಾಲಿನಲ್ಲಿಯೇ ಹೆಚ್ಚೆನ್ನುವರು. ಆ ವಯಸ್ಸಿಗೆ ಸಂಖ್ಯೆಯ ಸ್ಥಿರತೆ ತಿಳಿಯದೆಂದು ಜಿನೀವಾದ ಪಿಯಾಜೆ ಪಂಡಿತರು ಇದರಿಂದ ನಿರ್ಣಯಿಸಿದರು.

ಆದರೆ 1974ರಲ್ಲಿ ರೋಜ್ ಮತ್ತು ಬ್ಲ್ಯಾಂಕ್ ಎಂಬವರು ಮೊದಲಿನ ಪ್ರಶ್ನೆಯನ್ನು ಬಿಟ್ಟು, ಹರಡಿದ ಮೇಲೆ ಒಂದೇ ಸಲ ಕೇಳಿದರು, ಸರಿಯುತ್ತರಗಳು ಹೆಚ್ಚಿದವು. ಶಾಲೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನು? ಶಿಕ್ಷಕಿಯು ಕೇಳಿದ್ದನ್ನೇ ಮತ್ತೆ ಕೇಳಿದರೆ ಮೊದಲು ಹೇಳಿದ್ದು ತಪ್ಪಿರಬೇಕೆಂದು ಮಗು ಎಣಿಸುತ್ತದೆ. (ಮಗ್ಗಿ ಒಪ್ಪಿಸಿಕೊಳ್ಳುವಾಗ ನಾವೇ ಕಲಿಸಿದ್ದಿದು!) ಪಿಯಾಜೆಯವರ ಮಾತೆಲ್ಲ ಸುಳ್ಳೆಂದಲ್ಲ, ಒಂದೇ ಸಲ ಕೇಳಿದಾಗಲೂ ಕೆಲವರು ತಪ್ಪಿದರು.

ಬಿನೆಯವರ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ ವಿ. ವಿ. ಕಾಮತರ ಗ್ರಂಥವು 1940ರಲ್ಲಿ ಪ್ರಕಟವಾಯಿತು. ಅಂಥ ಪರೀಕ್ಷೆಗಳಲ್ಲಿ ಪ್ರಶ್ನೆಯ ಶಬ್ದಗಳನ್ನೂ ಮೊದಲೇ ಗೊತ್ತುಮಾಡಿಡುವದು ಇದಕ್ಕಾಗಿಯೇ.

ಮಗಳು ಲೆಕ್ಕದಲ್ಲಿ ಮಂದಳು, ಶಾಲೆ ಬಿಡಿಸುತ್ತೇವೆಂದು ಬರುವ ಪಾಲಕರಲ್ಲಿ ನನ್ನ ವಿನಂತಿಯಿಷ್ಟೇ: ಪ್ರಶ್ನೆಯನ್ನು ಒಂದೇ ಸಲ ಕೇಳಿರಿ. ಉತ್ತರ ಬಂದ ಮೇಲೆ ಹುಬ್ಬು ಗಂಟಿಕ್ಕದೆ, “ಹೇಗೆ ತಿಳಿಯಿತವ್ವಾ?” ಎಂದು ಕೇಳಿ, ಅವಳು ಹೇಳಿ ಮುಗಿಸುವ ವರೆಗೆ ಸುಮ್ಮನಿರಿ.