ಕವರು ಕೈಗೆ ಬಂದಾಗ

ನಿಮ್ಮ ಫುಟ್‌ಬಾಲ್ ಕ್ಲಬ್ಬಿಗೆ ನಿನ್ನನ್ನೇ ಖಜಾಂಚಿ ಮಾಡಿದ್ದಾರಂತೆ. ಬಹಳ ಸಂತೋಷ. ಕುರ್ಚಿ ಇನ್ನೂ ಬಿಸಿಯಾಗಿಲ್ಲ, ಆಗಲೇ ಫಿಫಾವನ್ನು ರಿಪೇರಿ ಮಾಡುವ ಮಾತು ಶುರುವಾಗಿದೆ. ಜ್ಯೂರಿಕ್‌ನಲ್ಲಿ ಕೂತವರೆಲ್ಲ ಕಳ್ಳರು, ಒಬ್ಬರನ್ನೂ ಬಿಡದೆ ಒಳಗೆ ಹಾಕಬೇಕು ಅನ್ನುತ್ತೀಯ. ಹಾಕೋಣ ಮರಿ, ಮೊದಲು ಕಾಫಿ ಕುಡಿ. ಕೆಲವರನ್ನು ಆಗಲೇ ಹಾಕಿ ನೋಡಿದ್ದಾಯಿತು.

2015ರ ಮೇ 27ರ ಬೆಳಗಿನ ಜಾವ ಸ್ವಿಸ್ ಪೊಲೀಸರು ಜ್ಯೂರಿಕ್‌ನ ಬೌರ್ ಓ ಲಾಕ್ ಹೋಟೆಲಿಗೆ ಹೋಗಿ ಏಳು ಜನ ದೊಡ್ಡವರನ್ನು ಎಬ್ಬಿಸಿಕೊಂಡು ಹೋದರು. ದೂರು ಕೊಟ್ಟದ್ದು ಅಮೆರಿಕದ ನ್ಯಾಯ ಇಲಾಖೆ. ಟಿವಿ ಹಕ್ಕು, ಜಾಹೀರಾತಿನ ಹಕ್ಕು ಮಾರುವಾಗ 24 ವರ್ಷಗಳಲ್ಲಿ 15 ಕೋಟಿ ಡಾಲರಿಗೂ ಮೀರಿ ಲಂಚ ನಡೆದಿದೆ ಎಂಬುದು ಆರೋಪ. ಹೋಟೆಲಿನವರು ಬಿಳಿ ಬೆಡ್‌ಶೀಟು ಅಡ್ಡ ಹಿಡಿದು ಅವರ ಮಾನ ಕಾಪಾಡಿದರು. ಆ ಫೋಟೊ ಎಲ್ಲರಿಗೂ ನೆನಪಿದೆ. ನೆನಪಿರದ ಸಂಗತಿ ಎರಡು ದಿನದ ನಂತರದ್ದು. ಅದೇ ಊರಲ್ಲಿ ಸೇರಿದ ಮಹಾಸಭೆಯಲ್ಲಿ 206 ಓಟಿಗೆ 133 ಓಟು ಬಿದ್ದದ್ದು ಆವರೆಗೂ ಅಧ್ಯಕ್ಷರಾಗಿದ್ದ ಸೆಪ್ ಬ್ಲಾಟರ್ ಅವರಿಗೇ. ನಾಲ್ಕು ದಿನ ಬಿಟ್ಟು ಅವರೇ ಇಳಿಯುತ್ತೇನೆ ಅಂದರು, ಆ ಮಾತು ಬೇರೆ. ಮನೆಗೆ ಪೊಲೀಸರು ಬಂದುಹೋದ ಮೇಲೂ ಯಜಮಾನರು ಬದಲಾಗುವುದು ಬೇಡ ಅಂತ 133 ಮಂದಿಗೆ ಅನ್ನಿಸಿತಲ್ಲ, ಅದು ಯಾಕೆ ಅಂತ ಯೋಚಿಸು.

ಅವರೆಲ್ಲ ಲಂಚ ತಿಂದವರಲ್ಲ ಕಣೋ. ಹಂಗಿನಲ್ಲಿದ್ದವರು. 1999ರಿಂದ ಪ್ರತಿ ದೇಶದ ಸಂಘಕ್ಕೂ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಫಿಫಾದಿಂದ ಹೋಗತೊಡಗಿತು. ಈಗ ಅದು ಹಲವು ಪಟ್ಟು ಬೆಳೆದಿದೆ. ಮೈದಾನಕ್ಕೆ, ಕಚೇರಿಗೆ, ತರಬೇತಿಗೆ. ಅದರಲ್ಲಿ ತಪ್ಪೇನಿದೆ? ಬಡ ದೇಶದ ಮಕ್ಕಳಿಗೆ ಚೆಂಡು ಸಿಕ್ಕಿದರೆ ಬೇಡ ಅನ್ನಲು ನಾನ್ಯಾರು? ಆದರೆ ಕೊಟ್ಟ ಕೈ ಮರೆತುಹೋಗುವುದಿಲ್ಲ. ಫಿಫಾದಲ್ಲಿ ಈಗ 211 ಸಂಘಗಳು, ಪ್ರತಿಯೊಂದಕ್ಕೂ ಒಂದೇ ಓಟು. ಬ್ರೆಜಿಲಿಗೂ ಒಂದು, ಕೆಲವೇ ಸಾವಿರ ಜನರಿರುವ ಮಾಂಟ್ಸೆರಾಟ್ ದ್ವೀಪಕ್ಕೂ ಒಂದು. ಹಣ ಹಂಚುವವರು ಯಾರೋ ಅವರೇ ಓಟು ಕೇಳುವವರು ಕೂಡ. ಇನ್ನು ಲೆಕ್ಕ ಕೇಳಲು ಬಾಯಿ ಎಲ್ಲಿಂದ ಬರಬೇಕು?

ನೀನು ಕೇಳುವೆ, ಹಾಗಾದರೆ ಯಾರೂ ಬೇಡ ಅನ್ನಲೇ ಇಲ್ಲವೇ ಅಂತ. ಅಂದವರಿದ್ದಾರೆ. ಫ್ರೆಡ್ ಲನ್ ಅನ್ನುವ ಹೆಸರು ನೀನು ಕೇಳಿರಲಾರೆ. ಅವರು ಗೋಲು ಹೊಡೆದು ಹೆಸರಾದವರಲ್ಲ. ಬಹಾಮಾಸ್ ಸಂಘದ ಉಪಾಧ್ಯಕ್ಷರು.

2011ರ ಮೇ ತಿಂಗಳು, ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್, ಹಯಾತ್ ಹೋಟೆಲು. ಅಧ್ಯಕ್ಷಗಿರಿಗೆ ಬ್ಲಾಟರ್ ಎದುರು ನಿಂತಿದ್ದ ಕತಾರಿನ ಮೊಹಮ್ಮದ್ ಬಿನ್ ಹಮ್ಮಾಮ್ ಕೆರಿಬಿಯನ್ ಸಂಘಗಳವರ ಓಟು ಕೇಳಲು ಬಂದಿದ್ದರು. ಏರ್ಪಾಡು ಆ ಭಾಗದ ದೊಡ್ಡ ಕುಳ ಜ್ಯಾಕ್ ವಾರ್ನರ್ ಅವರದು. ಭಾಷಣ ಮುಗಿದ ಮೇಲೆ ಒಬ್ಬೊಬ್ಬರನ್ನೇ ಒಂದು ಕೋಣೆಗೆ ಕರೆದು ಉಡುಗೊರೆ ಎಂದು ಕೈಗೊಂದು ಕವರು ಕೊಟ್ಟರು. ಲನ್ ಬಿಚ್ಚಿ ನೋಡಿದರೆ ನೂರು ಡಾಲರಿನ ನೋಟಿನ ಕಂತೆಗಳು, ಒಟ್ಟು 40,000. ಸುತ್ತಮುತ್ತ ಇದ್ದವರು ಪರಿಚಯದವರೇ, ಸಭ್ಯರೇ, ತೆಗೆದುಕೊಳ್ಳುತ್ತಿದ್ದರು. ಲನ್ ಊರಲ್ಲಿದ್ದ ತಮ್ಮ ಅಧ್ಯಕ್ಷರಿಗೆ ಫೋನ್ ಮಾಡಿದರು. ವಾಪಸು ಕೊಡು ಅಂದರು ಅವರು. ಕೊಡುವ ಮುಂಚೆ ಲನ್ ಆ ನೋಟುಗಳ ಒಂದು ಫೋಟೊ ತೆಗೆದಿಟ್ಟುಕೊಂಡರು.

ಇಲ್ಲಿ ಸ್ವಲ್ಪ ನಿಲ್ಲು. ನೀನಾಗಿದ್ದರೆ ಏನು ಮಾಡುತ್ತಿದ್ದೆ ನನಗೆ ಗೊತ್ತು. ಕವರನ್ನು ಅವರ ಮುಖಕ್ಕೆ ಎಸೆದು, ಬಾಗಿಲು ದಢಾರ್ ಎಂದು ಹಾಕಿ, ರಾತ್ರಿಯೆಲ್ಲ ಗೆಳೆಯರಿಗೆ ವೀರಗಾಥೆ ಹೇಳುತ್ತಿದ್ದೆ. ಬೆಳಿಗ್ಗೆ ಅವರು ಯಾವ ಕವರು ಅಂತ ಕೇಳುತ್ತಿದ್ದರು. ಲನ್ ರೇಗಲಿಲ್ಲ, ಕೇಳಬೇಕಾದವರನ್ನು ಕೇಳಿದರು, ಪುರಾವೆ ಇಟ್ಟುಕೊಂಡರು, ಹಣ ಹಿಂದಕ್ಕೆ ಕೊಟ್ಟರು. ಮರುದಿನ ವಾರ್ನರ್ ಸಭೆಯಲ್ಲಿ, ಅಷ್ಟು ಮಡಿವಂತರಾದರೆ ಹೋಗಿ ಚರ್ಚು ತೆರೆಯಿರಿ ಎಂಬರ್ಥದಲ್ಲಿ ಗದರಿಸಿದ್ದೂ ವಿಡಿಯೋದಲ್ಲಿ ಸಿಕ್ಕಿತು. ಬಿನ್ ಹಮ್ಮಾಮ್ ಕಣದಿಂದ ಹಿಂದೆ ಸರಿದರು. ವಾರ್ನರ್ ರಾಜೀನಾಮೆ ಕೊಟ್ಟರು. ಕೊಟ್ಟೊಡನೆ ಫಿಫಾ ತನಿಖೆಯನ್ನೇ ಮಡಚಿಟ್ಟಿತು. ಆಜೀವ ನಿಷೇಧ ಬಂದದ್ದು 2015ರಲ್ಲಿ. ಬಿನ್ ಹಮ್ಮಾಮ್ ಮೇಲೆ ಹಾಕಿದ ಮೊದಲ ನಿಷೇಧ, ಸಾಕ್ಷ್ಯ ಸಾಲದು ಎಂದು ಕ್ರೀಡಾ ನ್ಯಾಯಮಂಡಳಿಯಲ್ಲಿ ಬಿದ್ದೂ ಹೋಯಿತು. ಅಷ್ಟು ಪುರಾವೆ ಇದ್ದೂ ಈ ಪಾಡು.

ಅದಕ್ಕೇ ಹೇಳುವುದು, ಎಲ್ಲರೂ ಕಳ್ಳರು ಅಂತ ಬಾಯಿಗೆ ಬಂದಂತೆ ಅನ್ನಬೇಡ. ಬ್ಲಾಟರ್ ಮತ್ತು ಯುರೋಪ್ ಒಕ್ಕೂಟದ ಅಧ್ಯಕ್ಷರಾಗಿದ್ದ ಮಿಷೆಲ್ ಪ್ಲಾಟಿನಿ ನಡುವಿನ 20 ಲಕ್ಷ ಸ್ವಿಸ್ ಫ್ರಾಂಕಿನ ಪಾವತಿ ನಿನಗೆ ದೊಡ್ಡ ಹಗರಣ. ಸ್ವಿಸ್ ಕೋರ್ಟು 2022ರಲ್ಲಿ ಒಮ್ಮೆ, 2025ರಲ್ಲಿ ಮೇಲ್ಮನವಿಯಲ್ಲಿ ಇನ್ನೊಮ್ಮೆ ಇಬ್ಬರನ್ನೂ ಬಿಟ್ಟುಕಳಿಸಿತು. ಇಷ್ಟವಾಗಲಿ ಬಿಡಲಿ, ತೀರ್ಪು ತೀರ್ಪೇ.

ಲನ್ ಅವರ ದೂರನ್ನು ಮುಂದಕ್ಕೆ ಒಯ್ದವರು ಯಾರು ಗೊತ್ತೇ? ಚಕ್ ಬ್ಲೇಜರ್, ವಾರ್ನರ್ ಅಧ್ಯಕ್ಷರಾಗಿದ್ದ ಆ ಭಾಗದ ಒಕ್ಕೂಟದ ಪ್ರಧಾನ ಕಾರ್ಯದರ್ಶಿ. ಒಪ್ಪಂದ ಕುದುರಿಸಿದ್ದಕ್ಕೆ ಹತ್ತು ಪರ್ಸೆಂಟು ತಮಗೆ ಎಂದು ಬರೆಸಿಕೊಂಡ ಭೂಪ. (ಪರ್ಸೆಂಟಿನ ಲೆಕ್ಕ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.) ವರ್ಷಗಟ್ಟಲೆ ತೆರಿಗೆ ಕಟ್ಟದೆ ಸಿಕ್ಕಿಬಿದ್ದು, ಆಮೇಲೆ ಅಮೆರಿಕದ ತನಿಖೆಗೆ ಮಾಹಿತಿದಾರನಾಗಿ, ಕೀ ಗೊಂಚಲಿನಲ್ಲಿ ಮೈಕ್ ಇಟ್ಟುಕೊಂಡು ಗೆಳೆಯರ ಮಾತು ರೆಕಾರ್ಡ್ ಮಾಡಿದರು. ಸತ್ಯ ಯಾವಾಗಲೂ ಸಜ್ಜನರ ಕೈಯಿಂದಲೇ ಬರುತ್ತದೆ ಅಂತ ಕಾಯುತ್ತ ಕೂರಬೇಡ.

ವಾರ್ನರ್ ಬಿಟ್ಟ ಕುರ್ಚಿಗೆ 2012ರಲ್ಲಿ ಕೇಮನ್ ದ್ವೀಪದ ಜೆಫ್ರಿ ವೆಬ್ ಬಂದರು. ಬಾಯಿ ತುಂಬ ಸುಧಾರಣೆ, ನಿನ್ನ ಹಾಗೇ. 2015ರ ಆ ಏಳು ಜನರಲ್ಲಿ ಅವರೂ ಒಬ್ಬರು, ತಪ್ಪೊಪ್ಪಿಕೊಂಡರು. ಆದ್ದರಿಂದ ನಿನ್ನ ಭಾಷಣಕ್ಕೆ ನಾನು ಚಪ್ಪಾಳೆ ತಟ್ಟಲಿಲ್ಲ ಅಂತ ಮುನಿಸಿಕೊಳ್ಳಬೇಡ.

ಆ ಏಳು ಜನರಲ್ಲಿ ಇನ್ನೊಬ್ಬರು ಬ್ರೆಜಿಲಿನ ಜೋಸೆ ಮರಿಯಾ ಮರೀನ್. ಕೋಟಿಗಳ ಕತೆಗಿಂತ ಅವರ ಒಂದು ಪದಕದ ಕತೆ ನನಗೆ ಹೆಚ್ಚು ತಿಳಿಸಿದೆ. 2012ರ ಜನವರಿ, ಸಾವೊ ಪೌಲೊದಲ್ಲಿ ಕಿರಿಯರ ಟೂರ್ನಿಯ ಬಹುಮಾನ ವಿತರಣೆ. ಎಂಬತ್ತರ ಹತ್ತಿರದ ಮರೀನ್ ವೇದಿಕೆ ಮೇಲಿದ್ದವರು ಒಂದು ಪದಕವನ್ನು ಮೆಲ್ಲಗೆ ಜೇಬಿಗಿಳಿಸಿದರು. ಟಿವಿ ಕ್ಯಾಮೆರಾ ನೋಡುತ್ತಿತ್ತು. ಗೆದ್ದ ತಂಡದ ಗೋಲ್‌ಕೀಪರ್ ಹುಡುಗನಿಗೆ ಪದಕ ಸಾಲದೆ ಹೋಯಿತು. ಅದು ಅವರಿಗೇ ಕೊಟ್ಟದ್ದು ಎಂಬ ಸಮಜಾಯಿಷಿ ಬಂತು, ಜನ ನಕ್ಕರು, ಮರೆತರು. ಎರಡು ತಿಂಗಳಲ್ಲಿ ಇಡೀ ಬ್ರೆಜಿಲ್ ಒಕ್ಕೂಟದ ಅಧ್ಯಕ್ಷ ಪದವಿ ಅವರಿಗೆ ಬಂತು. ಪದಕ ಅಡ್ಡ ಬರಲಿಲ್ಲ. 2018ರಲ್ಲಿ ಅಮೆರಿಕದ ಕೋರ್ಟು ನಾಲ್ಕು ವರ್ಷ ಜೈಲು ಹಾಕಿತು. ನಕ್ಕು ಸುಮ್ಮನಾದವರ ಮೇಲೆ ನನಗೆ ಹೆಚ್ಚು ಸಿಟ್ಟು.

ನಾನೂ ಸಂಘ-ಸಂಸ್ಥೆಗಳ ಲೆಕ್ಕ ಬರೆದೇ ತಲೆ ಹಣ್ಣಾದವನು. ವಾರ್ಷಿಕ ಸಭೆಗಳಲ್ಲಿ ಒಂದು ಮರ್ಮವಿದೆ, ನೋಡಿಕೋ. ಸ್ವಾಗತ, ಹಾರ, ವರದಿ ಎಲ್ಲ ನಿಧಾನವಾಗಿ ಸಾಗುತ್ತದೆ. ಜಮಾ-ಖರ್ಚಿನ ಹಾಳೆ ಹೊರಬರುವುದು ಪಕ್ಕದ ಕೋಣೆಯಿಂದ ಉಪ್ಪಿಟ್ಟಿನ ಒಗ್ಗರಣೆ ಮೂಗಿಗೆ ಬಡಿದಾಗ. ಸೂಚಕರು ಯಾರೋ, ಅನುಮೋದಕರು ಯಾರೋ, ಚಪ್ಪಾಳೆ, ಎಲ್ಲರೂ ಎದ್ದರು. ಆ ಹೊತ್ತಿನಲ್ಲಿ "ಒಂದು ನಿಮಿಷ, ಪ್ರಯಾಣ ಭತ್ಯೆ ಯಾರದು?" ಅಂತ ಕೇಳುವವನನ್ನು ಯಾರೂ ಪ್ರೀತಿಸುವುದಿಲ್ಲ. ನೀನು ಅವನಾಗಬೇಕು. ಹಸಿದಿದ್ದರೂ.

ಜ್ಯೂರಿಕ್ಕಿನ ಸಭೆಯೂ ಇಷ್ಟೇ, ಸೂಟು ಬೇರೆ. 2018 ಮತ್ತು 2022ರ ವಿಶ್ವಕಪ್ಪು ಹಂಚಿದ್ದರ ತನಿಖೆ ಮಾಡಿದ ವಕೀಲ ಮೈಕೆಲ್ ಗಾರ್ಸಿಯಾ ನಾನೂರು ಪುಟ ದಾಟಿ ಬರೆದರು. ಆಗ ಹೊರಬಿಟ್ಟದ್ದು 42 ಪುಟದ ಸಾರಾಂಶ. ನನ್ನ ವರದಿ ಹೀಗಿರಲಿಲ್ಲ ಎಂದು ಅವರು ಬಿಟ್ಟು ನಡೆದರು. 2016ರ ಸುಧಾರಣೆ ಅಧ್ಯಕ್ಷರಿಗೆ ಮೂರೇ ಅವಧಿ ಅಂದಿತು. ಹೊಸ ಅಧ್ಯಕ್ಷ ಜಿಯಾನಿ ಇನ್‌ಫ್ಯಾಂಟಿನೊ ಅವರ ಮೊದಲ ಮೂರು ವರ್ಷ ಲೆಕ್ಕಕ್ಕಿಲ್ಲ ಎಂದು ಆಮೇಲೆ ತೀರ್ಮಾನವಾಯಿತು. 2024ರ ಡಿಸೆಂಬರ್ 11ರಂದು 2034ರ ವಿಶ್ವಕಪ್ಪು ಸೌದಿ ಅರೇಬಿಯಾಕ್ಕೆ ಹೋಯಿತು. ಬೇರೆ ಸ್ಪರ್ಧಿ ಇಲ್ಲ, ಓಟಿಲ್ಲ, ಬರೀ ಚಪ್ಪಾಳೆ. ಈ ಪದ್ಧತಿ ಸರಿಯಲ್ಲ ಎಂದು ತನ್ನ ಆಕ್ಷೇಪ ದಾಖಲಿಸಿದ ಸಂಘ ನಾರ್ವೆಯದು. ಅದರ ಅಧ್ಯಕ್ಷೆ ಲೀಸೆ ಕ್ಲಾವೆನೆಸ್ ಹಳೆಯ ಆಟಗಾರ್ತಿ. 2022ರಲ್ಲಿ ದೋಹಾ ಸಭೆಯಲ್ಲಿ ಆತಿಥೇಯರ ಎದುರೇ ನಿಂತು ಕಾರ್ಮಿಕರ ಪಾಡನ್ನು ಎತ್ತಿದಾಕೆ. ಸಭೆಯಲ್ಲೇ ಬೈಸಿಕೊಂಡಾಕೆ ಕೂಡ.

ನಮ್ಮ ಮನೆಯ ಕತೆ ಕೇಳಬೇಡ. ಭಾರತೀಯ ಒಕ್ಕೂಟದ ಅಧ್ಯಕ್ಷರ ಅವಧಿ 2020ರ ಡಿಸೆಂಬರಿಗೇ ಮುಗಿದಿತ್ತು, ಚುನಾವಣೆ ಇಲ್ಲ. 2022ರಲ್ಲಿ ಸುಪ್ರೀಂ ಕೋರ್ಟು ಆಡಳಿತಗಾರರ ಸಮಿತಿ ನೇಮಿಸಿತು. ಹೊರಗಿನವರು ಕೈ ಹಾಕಿದರು ಎಂದು ಫಿಫಾ ಆಗಸ್ಟಿನಲ್ಲಿ ಭಾರತವನ್ನೇ ಅಮಾನತು ಮಾಡಿತು. ಮಂತ್ರಿಗಳು ಮೂಗು ತೂರಿಸದಿರಲಿ ಎಂದು ಮಾಡಿದ ನಿಯಮ ಅದು, ಪೂರ್ತಿ ಕೆಟ್ಟದ್ದಲ್ಲ. ಆದರೆ ದಂಡ ಕಟ್ಟಿದವರು ಯಾರು? ಏಷ್ಯಾದ ಕ್ಲಬ್ ಪಂದ್ಯ ಆಡಲು ಆಗಲೇ ತಾಷ್ಕೆಂಟಿಗೆ ಹೋಗಿ ಇಳಿದಿದ್ದ ಗೋಕುಲಂ ಕೇರಳದ ಹೆಣ್ಣುಮಕ್ಕಳು. ಆಡದೆ ಮರಳಿದರು. ತಿಂಗಳು ಮುಗಿಯುವುದರೊಳಗೆ ಅಮಾನತೂ ಹೋಯಿತು.

ಈಗ ನಿನ್ನ ವಿಷಯ. ಟೂರ್ನಿ ಹತ್ತಿರ ಬಂದಾಗ ಜರ್ಸಿ ಅಂಗಡಿಯವನು ನಿನಗೊಂದು ಜೊತೆ ಬೂಟು ಕಳಿಸುತ್ತಾನೆ, "ಖಜಾಂಚಿಗಳಿಗೆ ಪ್ರೀತಿಯಿಂದ" ಅಂತ. ನಗುನಗುತ್ತಲೇ ವಾಪಸು ಕಳಿಸು, ಕಳಿಸಿದ್ದನ್ನು ಮೆಸೇಜಿನಲ್ಲಿ ಬರೆದಿಡು. ಅವನೂ ಬೇಸರ ಮಾಡಿಕೊಳ್ಳುವುದಿಲ್ಲ, ಅಭ್ಯಾಸವಿರುತ್ತದೆ. ಇನ್ನೊಂದು ಮಾತು. ಹಳೇ ಖಜಾಂಚಿ ಒಪ್ಪಿಸಿದ ಲೆಕ್ಕಕ್ಕೆ ನೀನು ನಿಂತ ನಿಲುವಿನಲ್ಲೇ ಸಹಿ ಹಾಕಿಬಿಟ್ಟೆಯಂತಲ್ಲ, ನಿಮ್ಮಜ್ಜಿ ಹೇಳಿದಳು. ರಸೀದಿ ಪುಸ್ತಕದ ನಂಬರು ಸಾಲಾಗಿವೆಯಾ ಅಂತಲಾದರೂ ತಿರುವಿ ನೋಡಿದೆಯಾ? ಭಾನುವಾರ ತಗೊಂಡು ಬಾ, ಬ್ಯಾಂಕ್ ಪಾಸ್‌ಬುಕ್ಕೂ ಇರಲಿ.