ಮನೆಯಲ್ಲೇ ಕಳೆದುಹೋದ ಪುಸ್ತಕ

ಯುವಜನರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ
ಓದಬೇಕಾದ ಭಾಗಗಳು: 2 ಅರಸುಗಳು 22:1-13, ರೂತಳು 2ನೇ ಅಧ್ಯಾಯ, 2 ತಿಮೊಥೆಯ 1:5 ಮತ್ತು 3:14-17

 

ಸೇಡಂ ಕಡೆಯವರು ಯಾರಿದ್ದೀರಿ, ಕೈ ಎತ್ತಿ. ಚಿತ್ತಾಪುರ? ವಾಡಿ, ಶಹಾಬಾದ್? ಚಿಂಚೋಳಿಯವರು ಹಿಂದೆ ಕೂತಿದ್ದೀರಿ, ಕಾಣ್ತಾ ಇದೆ. ಒಳ್ಳೇದು. ಕೆಲಸಕ್ಕೆ, ಓದಿಗೆ ಅಂತ ಊರು ಬಿಟ್ಟು ಬೆಂಗಳೂರು, ಹೈದರಾಬಾದ್, ಪುಣೆ ಸೇರಿದ ಮಕ್ಕಳು ನಾವು. ಇನ್ನೊಂದು ಪ್ರಶ್ನೆ ಕೇಳ್ತೀನಿ, ಇದಕ್ಕೆ ಮಾತ್ರ ಕೈ ಎತ್ತೋದು ಬೇಡ. ಕಳೆದ ವಾರ ಸತ್ಯವೇದದ ಒಂದು ಪೂರ್ತಿ ಅಧ್ಯಾಯವನ್ನು ಕೂತು ಓದಿದವರು ಎಷ್ಟು ಜನ? ಸ್ಟೇಟಸ್‌ಗೆ ಹಾಕಿದ ವಚನ ಲೆಕ್ಕಕ್ಕೆ ಬರೋದಿಲ್ಲ.

ನಿಮ್ಮನ್ನು ನಾಚಿಸೋದಕ್ಕೆ ಕೇಳಲಿಲ್ಲ. ನನ್ನ ಕಥೆಯನ್ನೂ ಆಮೇಲೆ ಹೇಳ್ತೀನಿ. ಮೊದಲು ವಾಕ್ಯಕ್ಕೆ ಹೋಗೋಣ.

ಆಲಯದಲ್ಲೇ ಇದ್ದ ಗ್ರಂಥ

ಎರಡನೆಯ ಅರಸುಗಳು 22ನೇ ಅಧ್ಯಾಯ ತೆಗೆಯಿರಿ. ಯೋಷೀಯನು ಅರಸನಾದಾಗ ಅವನಿಗೆ 8 ವರ್ಷ. ಅವನ ಆಳಿಕೆಯ 18ನೇ ವರ್ಷದಲ್ಲಿ ದೇವಾಲಯದ ದುರಸ್ತಿ ನಡೀತಾ ಇದೆ. ಬಡಗಿಗಳು, ಗೌಂಡಿಗಳು, ಮರ, ಕಲ್ಲು, ಕೂಲಿ ಲೆಕ್ಕ. ಆ ಗದ್ದಲದ ನಡುವೆ ಮಹಾಯಾಜಕನಾದ ಹಿಲ್ಕೀಯನು ಲೇಖಕನಾದ ಶಾಫಾನನಿಗೆ ಒಂದು ಸುದ್ದಿ ಹೇಳ್ತಾನೆ: ಧರ್ಮಶಾಸ್ತ್ರದ ಗ್ರಂಥ ಸಿಕ್ಕಿದೆ. ಎಲ್ಲಿ ಸಿಕ್ಕಿತು? ದೇವರ ಆಲಯದಲ್ಲೇ!

ಶತ್ರುಗಳು ಅದನ್ನು ಹೊತ್ತುಕೊಂಡು ಹೋಗಿರಲಿಲ್ಲ. ಬೆಂಕಿಯಲ್ಲೂ ಸುಟ್ಟಿರಲಿಲ್ಲ. ಯಾಜಕರು ದಿನಾ ಓಡಾಡುವ ಜಾಗದಲ್ಲೇ ಇತ್ತು, ಆದರೆ ಓದುವವರು ಇರಲಿಲ್ಲ. ಶಾಫಾನನು ಅದನ್ನು ಅರಸನ ಮುಂದೆ ಗಟ್ಟಿಯಾಗಿ ಓದಿದಾಗ, 26 ವರ್ಷದ ಯೋಷೀಯನು ಬಟ್ಟೆ ಹರಿದುಕೊಂಡು ಅತ್ತನು. ಅವತ್ತಿನಿಂದ ಆ ರಾಜ್ಯದಲ್ಲಿ ಬದಲಾವಣೆ ಶುರುವಾಯಿತು. 26 ವರ್ಷ ಅಂದ್ರೆ ನಿಮ್ಮಲ್ಲಿ ಬಹಳ ಜನರ ವಯಸ್ಸು.

ನಮ್ಮ ಕಡೆಯೇ ಇದಕ್ಕೆ ಹೋಲುವ ಒಂದು ಘಟನೆ ಇದೆ. ಚಿತ್ತಾಪುರ ತಾಲೂಕಿನ ಸನ್ನತಿ, ಭೀಮಾ ನದಿಯ ದಂಡೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಒಂದು ಗುಡಿಯ ಛಾವಣಿ ಕುಸಿಯಿತು. ಆಗ ಕೆಳಗಿದ್ದ ಪೀಠದ ಕಲ್ಲಿನ ಮೇಲೆ ಅಕ್ಷರಗಳು ಕಂಡವು. ನೋಡಿದರೆ ಅಶೋಕ ಚಕ್ರವರ್ತಿಯ ಶಾಸನ! ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, 2,200 ವರ್ಷಕ್ಕೂ ಹಳೇದು. ಪ್ರಜೆಗಳಿಗೆ ತಿಳಿಯಲಿ ಅಂತ ಒಬ್ಬ ರಾಜ ಕಲ್ಲಿನಲ್ಲಿ ಕೊರೆಸಿದ ಮಾತು. ಯಾರನ್ನೂ ಹೀಯಾಳಿಸೋದಕ್ಕೆ ಇದನ್ನ ಹೇಳ್ತಾ ಇಲ್ಲ. ಆ ಲಿಪಿ ಓದುವವರು ಇಲ್ಲದೆ ಹೋದ ಮೇಲೆ, ಮಾತು ಇದ್ದ ಕಲ್ಲು ಬರೀ ಕಲ್ಲಾಗಿ ಉಳೀತು. ಕಟ್ಟಡಕ್ಕೆ ಉಪಯೋಗ ಆಯ್ತು, ಓದಿಗೆ ಆಗಲಿಲ್ಲ.

ಸತ್ಯವೇದಕ್ಕೂ ಹೀಗಾಗಬಹುದು. ಕಪಾಟಿನಲ್ಲಿ ಒಂದು ಪ್ರತಿ, ಫೋನಿನಲ್ಲಿ ಒಂದು ಆ್ಯಪ್, ಗೋಡೆಗೆ ವಚನದ ಕ್ಯಾಲೆಂಡರ್. ಪುಸ್ತಕ ಮನೆಯಲ್ಲೇ ಇದೆ, ಆದರೂ ಕಳೆದುಹೋಗಿದೆ.

ಓದು ಬಾರದ ಆಯಿ ಕಲಿಸಿದ ಓದು

ಈಗ ನನ್ನ ಆಯಿಯ ವಿಷಯ. ನಿಮಗೆ ಗೊತ್ತು, ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ.

ಆಯಿ ಹುಟ್ಟಿದ್ದು ಸೇಡಂ ತಾಲೂಕಿನ ಮಳಖೇಡದ ಹತ್ತಿರ. ಮಳಖೇಡ ಅಂದ್ರೆ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಈಗ ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಎಲ್ಲಕ್ಕಿಂತ ಹಳೆಯದಾದ ಕವಿರಾಜಮಾರ್ಗ, 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು. ಅಂಥ ನೆಲದಲ್ಲಿ ಹುಟ್ಟಿದ ನಮ್ಮ ಆಯಿಗೆ ಒಂದು ಅಕ್ಷರವೂ ಸಿಗಲಿಲ್ಲ. ಆಕೆ ಹುಡುಗಿಯಾಗಿದ್ದಾಗ ನಿಜಾಮನ ಆಳ್ವಿಕೆ. ಕಚೇರಿ, ಸಾಲೆ ಎಲ್ಲಾ ಉರ್ದು. ಬಡವರ ಮನೆಯ ಹೆಣ್ಣುಮಕ್ಕಳಿಗೆ ಅದೂ ಇರಲಿಲ್ಲ. 1948ರಲ್ಲಿ ನಮ್ಮ ಭಾಗ ಭಾರತಕ್ಕೆ ಸೇರುವ ಹೊತ್ತಿಗೆ ಆಯಿ ಹೊಲದ ಕೂಲಿಗೆ ಹೋಗ್ತಿದ್ದಳು.

ನಾನು ಬೆಳೆದದ್ದು ಶಹಾಬಾದ್‌ನಲ್ಲಿ. ಅಪ್ಪ ಪರಸಿ ಕಲ್ಲಿನ ಗಣಿಯಲ್ಲಿ ಕೆಲಸ. ಮನೆಯ ನೆಲವೂ ಪರಸಿಯೇ. ಬಳಪ ತಗೊಂಡು ಆ ನೆಲದ ಮೇಲೆ ಅ, ಆ, ಇ, ಈ ಬರೀತಿದ್ದೆ. ಆಯಿ ಸಂಜೆ ನೆಲ ಒರೆಸುವಾಗ ಅಕ್ಷರ ಇದ್ದ ಒಂದು ಕಲ್ಲನ್ನು ಮಾತ್ರ ಬಿಟ್ಟು ಒರೆಸ್ತಿದ್ದಳು. ಯಾಕೆ ಅಂತ ಕೇಳಿದ್ರೆ, "ಇರ್ಲಿ ಬಿಡು, ನೀ ಬರ್ದೀದಿ" ಅಂತಿದ್ದಳು.

ರಜೆಯಲ್ಲಿ ಆಯಿಯ ತವರಿಗೆ ಹೋಗಬೇಕಾದ್ರೆ ವಾಡಿಯಲ್ಲಿ ಗಾಡಿ ಬದಲಾಯಿಸಬೇಕು. ಪ್ಯಾಸೆಂಜರ್ ಗಾಡಿಯ ಕಿಟಕಿ ಪಕ್ಕ ನನ್ನನ್ನ ಕೂಡಿಸಿ, ಪ್ರತಿ ಸ್ಟೇಷನ್‌ನಲ್ಲೂ ಬೋರ್ಡ್ ತೋರಿಸಿ ಕೇಳ್ತಿದ್ದಳು: "ಏನ್ ಬರ್ದಾರ ನೋಡು ತಮ್ಮಾ." ನಾನು ಅಕ್ಷರ ಕೂಡಿಸಿ ಕೂಡಿಸಿ ಓದ್ತಿದ್ದೆ. ವಾಡಿ. ಚಿತ್ತಾಪುರ. ಮಳಖೇಡ ರೋಡ್. ಆ ದಾರಿಯಲ್ಲಿ ಹತ್ತಾರು ವರ್ಷ ಓಡಾಡಿದವಳಿಗೆ ಯಾವ ಸ್ಟೇಷನ್ ಅಂತ ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೂ ನಾನು ಓದಿದಾಗ ಹೊಸ ಊರು ನೋಡಿದ ಹಾಗೆ ಖುಷಿಪಡ್ತಿದ್ದಳು. ಆ ಖುಷಿ ನೋಡೋದಕ್ಕೇ ನಾನು ಸಿಕ್ಕಿದ್ದೆಲ್ಲ ಓದೋಕೆ ಶುರು ಮಾಡಿದೆ. ಅಂಗಡಿ ಬೋರ್ಡ್, ಮಿರ್ಚಿ ಭಜಿ ಕಟ್ಟಿಕೊಟ್ಟ ಪೇಪರ್, ಪಕ್ಕದ ಮನೆಯ ಹಳೇ ಚಂದಮಾಮ, ಎಲ್ಲವನ್ನೂ.

ರಾತ್ರಿ ಊಟ ಆದ ಮೇಲೆ ಸತ್ಯವೇದ. ಆಯಿಗೆ ರೂತಳ ಪುಸ್ತಕ ಅಂದ್ರೆ ಪ್ರಾಣ. ಒಂದು ದಿನ ಹೊರಗೆ ಹುಡುಗರು ಆಟಕ್ಕೆ ಕರೀತಿದ್ದರು. ಬೇಗ ಮುಗಿಸೋಣ ಅಂತ ಎರಡನೇ ಅಧ್ಯಾಯದಲ್ಲಿ ಒಂದು ವಚನ ಹಾರಿಸಿಬಿಟ್ಟೆ. ಓದು ಬಾರದವಳಿಗೆ ಏನು ಗೊತ್ತಾಗುತ್ತೆ ಅಂತ. ಆಯಿ ಕೈ ಎತ್ತಿ ನಿಲ್ಲಿಸಿದಳು.

"ತಮ್ಮಾ, ಹಿಂದಕ್ಕ ಹೋಗು. ಒಂದು ಮಾತು ಬಿಟ್ಟಿ. ಬೇಕಂತೇ ತೆನಿ ಬೀಳಿಸ್ರಿ ಅಂತ ಬೋವಜ ಹೇಳ್ತಾನಲ್ಲ, ಅದೆಲ್ಲಿ ಹೋಯ್ತು?"

ಅದು 16ನೇ ವಚನ. ಬೋವಜನು ಕೊಯ್ಯುವವರಿಗೆ ಹೇಳ್ತಾನೆ: ಕಟ್ಟಿದ ಸಿವುಡಿನಿಂದಲೇ ತೆನೆ ಎಳೆದು ಅವಳಿಗಾಗಿ ಬಿಡಿ, ಗದರಿಸಬೇಡಿ. ಆಮೇಲೆ ಆಯಿ ಹೇಳಿದಳು, ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳಕೊಂಡ ಮೇಲೆ ಜೋಳದ ರಾಶಿ ಮುಗಿದ ಹೊಲಗಳಲ್ಲಿ ಆಕೆಯೂ ಹಕ್ಕಲು ಆಯ್ದಿದ್ದಳಂತೆ. ಕೆಲವು ಹೊಲದಲ್ಲಿ ಬೈದು ಓಡಿಸಿದ್ದರು. ಗದರಿಸಬೇಡಿ ಅಂತ ಹೇಳಿದ ಒಬ್ಬ ಯಜಮಾನ ಈ ಪುಸ್ತಕದಲ್ಲಿ ಇದ್ದಾನೆ ಅಂತ ಆಕೆ ಸಭೆಯಲ್ಲಿ ಕೇಳಿದ ದಿನ, ಈ ಪುಸ್ತಕದ ದೇವರು ನನ್ನ ದೇವರು ಅಂತ ತೀರ್ಮಾನ ಮಾಡಿದ್ದಳು. ನಾನು ಆಟಕ್ಕಾಗಿ ಹಾರಿಸಿದ್ದು ಆ ಸಾಲು!

ನಮ್ಮ ನೆಲದ ಜನ ಓದದೆಯೂ ಕಾವ್ಯ ಬಲ್ಲವರು ಅಂತ ಕವಿರಾಜಮಾರ್ಗ ಹೇಳುತ್ತೆ. ಮುಂದೆ ಕಾಲೇಜಿನಲ್ಲಿ ಅದನ್ನ ಮೇಷ್ಟ್ರು ವಿವರಿಸಿದಾಗ ನನಗೆ ನೆನಪಾದವಳು ಆಯಿ.

ತಿಮೊಥೆಯನ ಮನೆ

ಪೌಲನು ತಿಮೊಥೆಯನಿಗೆ ಬರೆಯುವಾಗ ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನೀಕೆಯನ್ನೂ ನೆನಪು ಮಾಡ್ತಾನೆ. ಮೂರನೇ ಅಧ್ಯಾಯದಲ್ಲಿ, ನೀನು ಚಿಕ್ಕಂದಿನಿಂದಲೇ ಪರಿಶುದ್ಧ ಗ್ರಂಥಗಳನ್ನು ಬಲ್ಲವನು, ಅವನ್ನು ಯಾರಿಂದ ಕಲಿತೆ ಅಂತ ನಿನಗೆ ಗೊತ್ತು ಅನ್ನೋ ಅರ್ಥದಲ್ಲಿ ಬರೀತಾನೆ. ಗಮನಿಸಿ, ಏನು ಕಲಿತೆ ಅನ್ನೋದರ ಜೊತೆಗೆ ಯಾರಿಂದ ಕಲಿತೆ ಅನ್ನೋದೂ ಮುಖ್ಯ. ಓದಿನ ಪ್ರೀತಿ ಒಬ್ಬ ಮನುಷ್ಯನ ಮೂಲಕ ಬರುತ್ತೆ. ಓದಿ ಹೇಳುವವರಿಂದ ಬರಬಹುದು, ಆಸೆಯಿಂದ ಕೇಳುವವರಿಂದಲೂ ಬರಬಹುದು.

ಆ ಪುಸ್ತಕ ನಮ್ಮ ಕೈಗೆ ಬಂದ ದಾರಿಯೂ ಸುಲಭ ಇರಲಿಲ್ಲ. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡ ಕಲಿತು, ಜೊತೆಗಾರರೊಂದಿಗೆ ಅನುವಾದ ಮಾಡಿ, ತಿದ್ದಿ, ಪೂರ್ತಿ ಸತ್ಯವೇದ ಅಚ್ಚಾಗುವ ಹೊತ್ತಿಗೆ 1831. ಸುಮಾರು 20 ವರ್ಷದ ದುಡಿಮೆ. ನಾವು ಅದನ್ನ ಎರಡು ನಿಮಿಷದಲ್ಲಿ ಡೌನ್‌ಲೋಡ್ ಮಾಡ್ತೀವಿ, ತಿಂಗಳುಗಟ್ಟಲೆ ತೆರೆಯೋದಿಲ್ಲ.

ನಾನು ಮತ್ತೆ ಹಾರಿಸಿದ ದಿನ

ಈಗ ನನ್ನ ತಪ್ಪು ಹೇಳ್ತೀನಿ. ಇದು ನಾನು ಸೇವೆಗೆ ಬಂದ ಮೇಲೆ ನಡೆದದ್ದು. ಬೆಂಗಳೂರಿನಲ್ಲಿ ವಾರಕ್ಕೆ ನಾಲ್ಕು ಕೂಟ. ಪ್ರಸಂಗಕ್ಕೆ ಬೇಕಾದ ವಚನ ಹುಡುಕ್ತಿದ್ದೆ, ದೇವರ ಮುಂದೆ ಕೂತು ಓದೋದು ನಿಂತುಹೋಗಿತ್ತು. ಬೇರೆಯವರಿಗೆ ಬಡಿಸುವವನು ತಾನೇ ಉಪವಾಸ ಇದ್ದ ಹಾಗೆ.

ಒಂದು ರಾತ್ರಿ ಆಯಿ ಫೋನ್ ಮಾಡಿದಳು. ಆಕೆಗೆ ಆಗ 80ರ ಹತ್ತಿರ. "ತಮ್ಮಾ, ಇಲ್ಲಿ ಯಾರಿಗೂ ಓದ್ಲಕ್ಕ ಟೈಮಿಲ್ಲ. ರೂತಳದು ಒಂದಿಷ್ಟು ಓದು." ನನಗೆ ಇನ್ನೊಂದು ಕರೆ ಬರೋದಿತ್ತು. ಆ್ಯಪ್ ತೆಗೆದು ಓದೋಕೆ ಶುರು ಮಾಡಿದೆ. ಬೇಗ ಮುಗಿಸೋಣ ಅಂತ ನಡುವೆ ನಾಲ್ಕೈದು ವಚನ ಹಾರಿಸಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು:

"ತಮ್ಮಾ, ಹಿಂದಕ್ಕ ಹೋಗು. ತೆನಿ ಬಿಟ್ಟಿ."

ಸಭೆ ನಡೆಸುವ ಪಾಸ್ಟರ್, ಓದು ಬಾರದ ಮುದುಕಿಗೆ ಎರಡನೇ ಸಲ ಅದೇ ಮೋಸ ಮಾಡಿದ್ದೆ. ಶಾಫಾನನ ಓದು ಕೇಳಿ ಯೋಷೀಯನು ಬಟ್ಟೆ ಹರಿದುಕೊಂಡದ್ದು ಯಾಕೆ ಅಂತ ಅವತ್ತು ನನಗೆ ಅರ್ಥವಾಯಿತು. ಬಂದ ಕರೆಯನ್ನ ತೆಗೀಲಿಲ್ಲ. ಹಿಂದಕ್ಕೆ ಹೋಗಿ ಅಧ್ಯಾಯವನ್ನ ಮೊದಲಿನಿಂದ ಓದಿದೆ. ಆಮೇಲೆ ಆಯಿ ನಾಲ್ಕು ವರ್ಷ ಇದ್ದಳು. ವಾರಕ್ಕೆ ಮೂರು ರಾತ್ರಿ ಫೋನಿನಲ್ಲಿ ಓದಿದೆ. ಆಕೆಗೆ ಓದಿ ಹೇಳ್ತಾ ಹೇಳ್ತಾ ನನ್ನ ಓದು ನನಗೆ ವಾಪಸ್ ಬಂತು. ಹಲ್ಲೆಲೂಯಾ.

ನಾವು ಏನು ಮಾಡಬೇಕು?

ಮೊದಲನೆಯದು, ಬಾಯಿಬಿಟ್ಟು ಓದಿರಿ. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದ್ತಿದ್ದ. ಗಟ್ಟಿಯಾಗಿ ಓದ್ತಿದ್ದ, ಅದಕ್ಕೇ ಫಿಲಿಪ್ಪನಿಗೆ ಕೇಳಿಸಿತು. ರೂತಳಿಂದ ಶುರು ಮಾಡಿ. ನಾಲ್ಕೇ ಅಧ್ಯಾಯ, 85 ವಚನ. ದಿನಕ್ಕೊಂದು ಅಧ್ಯಾಯ ಅಂದ್ರೂ ನಾಲ್ಕು ದಿನ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಕನ್ನಡ ತಡವರಿಸಿದರೆ ನಾಚಿಕೆ ಬೇಡ, ಅಕ್ಷರ ಕೂಡಿಸಿಯೇ ಓದಿ. ನಾನು ಸ್ಟೇಷನ್ ಬೋರ್ಡ್ ಓದಿದ್ದೂ ಹಾಗೇ.

ಎರಡನೆಯದು, ಮನೆಗೆ ಫೋನ್ ಮಾಡಿ ಓದಿರಿ. 2011ರ ಜನಗಣತಿ ಪ್ರಕಾರ ನಮ್ಮ ಕಲಬುರಗಿ ಜಿಲ್ಲೆಯಲ್ಲಿ 100 ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವರು ಸುಮಾರು 55. ಉಳಿದವರಲ್ಲಿ ನಿಮ್ಮ ಅವ್ವ ಇರಬಹುದು, ಆಯಿ ಇರಬಹುದು. ಚಿಂಚೋಳಿಯ ತಾಂಡಾದಲ್ಲಿ, ವಾಡಿಯ ಕಾಲೊನಿಯಲ್ಲಿ ಸತ್ಯವೇದ ಕಪಾಟಿನಲ್ಲಿದೆ, ಓದುವ ಮಗ ಬೆಂಗಳೂರಿನಲ್ಲಿ. ದಿನಾ "ಊಟ ಆಯ್ತಾ" ಅಂತ ಕೇಳ್ತೀರಿ. ಅದರ ಜೊತೆಗೆ ಹತ್ತು ನಿಮಿಷ ಓದಿ. ಪ್ರಕಟನೆ 1:3 ನೋಡಿ, ಅಲ್ಲಿ ಓದುವವನಿಗೂ ಆಶೀರ್ವಾದ ಇದೆ, ಕೇಳುವವರಿಗೂ ಇದೆ.

ಮೂರನೆಯದು, ಕೆಲವರು ಕೇಳ್ತಾರೆ: "ಪಾಸ್ಟರ್, ಪವಿತ್ರಾತ್ಮನೇ ನೇರವಾಗಿ ಮಾತಾಡ್ತಾನಲ್ಲ, ಇಷ್ಟು ಓದೋದು ಯಾಕೆ?" ಯೋಹಾನ 14:26 ತೆಗೆಯಿರಿ. ಯೇಸು ಹೇಳಿದ್ದನ್ನೆಲ್ಲ ಆತನು ನೆನಪಿಗೆ ತರುತ್ತಾನೆ ಅಂತ ಇದೆ. ಒಳಗೆ ಇಟ್ಟುಕೊಂಡದ್ದು ತಾನೇ ನೆನಪಿಗೆ ಬರೋದು? ಅಭಿಷೇಕ ಬೇಕು ಅಂತ ಪ್ರಾರ್ಥಿಸುವ ನಾವು, ಆತ್ಮನು ಉರಿಸಬೇಕಾದ ಕಟ್ಟಿಗೆಯನ್ನೂ ಒಳಗೆ ಕೂಡಿಸಿ ಇಡಬೇಕು.

ಬೇರೆ ಪುಸ್ತಕ ಓದಿದರೆ ತಪ್ಪಾ ಅಂತಲೂ ಕೇಳ್ತೀರಿ. ಪೌಲನು ಸೆರೆಯಲ್ಲಿ ಸಾವಿನ ಹತ್ತಿರ ಇದ್ದಾಗ ಕೇಳಿದ್ದು ಏನು? 2 ತಿಮೊಥೆಯ 4:13ರಲ್ಲಿ ಇದೆ: ಚಳಿಗೆ ಒಂದು ಮೇಲಂಗಿ, ಓದಲಿಕ್ಕೆ ಪುಸ್ತಕಗಳು. ಒಳ್ಳೆಯ ಪುಸ್ತಕ ಓದಿರಿ. ಚಂದಮಾಮ ಓದಿದ ಹುಡುಗನೇ ಆಮೇಲೆ ಅರಸುಗಳ ಪುಸ್ತಕವನ್ನೂ ಬೇಸರವಿಲ್ಲದೆ ಓದಿದ್ದು.

ಎದ್ದು ನಿಲ್ಲಿ, ಪ್ರಾರ್ಥಿಸೋಣ. ಕರ್ತನೇ, ನಮ್ಮ ಮನೆಯಲ್ಲೇ ಕಳೆದುಹೋದ ನಿನ್ನ ಗ್ರಂಥವನ್ನು ನಮಗೆ ಮತ್ತೆ ಕೊಡು. ನಾವು ಅವಸರದಲ್ಲಿ ಹಾರಿಸಿದ ಸಾಲುಗಳಿಗೆ ನಮ್ಮನ್ನು ಹಿಂದಕ್ಕೆ ಕರೆದುಕೊಂಡು ಹೋಗು. ಊರಿನಲ್ಲಿ ಓದುವವರಿಗಾಗಿ ಕಾಯುತ್ತಿರುವ ನಮ್ಮ ತಾಯಂದಿರಿಗೆ ನಮ್ಮ ಬಾಯಿಯನ್ನು ಉಪಯೋಗಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಗುಂಪಿನಲ್ಲಿ ಚರ್ಚಿಸಲು

1. ಆಲಯದಲ್ಲೇ ಇದ್ದ ಗ್ರಂಥ ಯಾಕೆ ಯಾರಿಗೂ ಕಾಣಲಿಲ್ಲ? ನನ್ನ ಜೀವನದಲ್ಲಿ ಅದರ ಮೇಲೆ ಏನೇನು ಪೇರಿಸಿದ್ದೇನೆ?
2. ನನಗೆ ಓದಿನ ರುಚಿ ಹತ್ತಿಸಿದವರು ಯಾರು? ಅವರಿಗೆ ನಾನು ಕೃತಜ್ಞತೆ ಹೇಳಿದ್ದೇನಾ?
3. ಈ ವಾರ ನಾನು ಯಾರಿಗೆ ಓದಿ ಹೇಳುತ್ತೇನೆ? ಹೆಸರು ಬರೆದುಕೊಳ್ಳಿ, ಇವತ್ತು ರಾತ್ರಿಯೇ ಶುರು ಮಾಡಿ.